ಹೊಸ ಪಿಕಪ್, ಹಳೇ ಟ್ರೇಲರ್: ಬಾಲ ಬೀಸಿದರೆ ಏನು ಮಾಡಬೇಕು?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರಿಂದ ಈ ಪ್ರಶ್ನೆ ಶುರುವಾಗುತ್ತದೆ. "ಹಳೇ ಗಾಡಿ ಎಳೆಯುವಾಗ ಈ ಟ್ರೇಲರ್ ತೆಪ್ಪಗೆ ಹಿಂದೆ ಬರ್ತಿತ್ತು. ಈಗ ಅದಕ್ಕಿಂತ ದೊಡ್ಡ ಪಿಕಪ್ ತಗೊಂಡಿದ್ದೀವಿ. 60 ಮೈಲಿ ದಾಟಿದ್ರೆ ಸಾಕು, ಟ್ರೇಲರ್ ಆ ಕಡೆ ಈ ಕಡೆ ಬಾಲ ಬೀಸುತ್ತೆ. ಟ್ರಕ್ಕೇ ಸರಿ ಇಲ್ವಾ?"

ಟ್ರಕ್ ಸರಿಯಾಗೇ ಇರುತ್ತದೆ, ಬಹಳಷ್ಟು ಸಲ. ಟ್ರಕ್ ಬದಲಾಯಿತು, ಆದರೆ ಹಿಚ್, ಅಂದರೆ ಟ್ರಕ್ಕಿಗೆ ಟ್ರೇಲರನ್ನು ಜೋಡಿಸುವ ಕೊಂಡಿ, ಇನ್ನೂ ಹಳೇ ಟ್ರಕ್ಕಿನ ಅಳತೆಯಲ್ಲೇ ಕೂತಿದೆ. ಎತ್ತರ ಬೇರೆ, ಟೈರ್ ಬೇರೆ, ಸ್ಪ್ರಿಂಗ್ ಬೇರೆ, ಟ್ರೇಲರಿನ ಬ್ರೇಕ್ ಹಿಡಿಸುವ ಬ್ರೇಕ್ ಕಂಟ್ರೋಲರ್ ಬೇರೆ. ಹಳೇ ಅಂಗಿಯ ಅಳತೆಗೆ ಹೊಸಬನಿಗೆ ಅಂಗಿ ಹೊಲಿಸಿದ ಹಾಗೆ. ಅಂಗಡಿಗೆ ಹೋದರೆ ಸಾವಿರಾರು ಡಾಲರ್‌ನ ಹೊಸ ಹಿಚ್ ತೋರಿಸುತ್ತಾರೆ. ಅದು ಬೇಕಾಗಲೂಬಹುದು. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೆ ತಗಲುವುದು ಒಂದು ಶನಿವಾರ, ಒಂದು ಟೇಪು, ಒಂದು ಗಾಳಿ ಗೇಜು, ತೂಕದ ಕಟ್ಟೆಗೆ ಒಂದಿಷ್ಟು ಡಾಲರ್. ಅಷ್ಟೇ.

ಇಲ್ಲಿ ಹೇಳುವುದೆಲ್ಲ ಪಿಕಪ್‌ನ ಹಿಂದಿನ ಬಾಲ್‌ಗೆ, ಅಂದರೆ ಹಿಚ್ ಮೇಲಿನ ಕಬ್ಬಿಣದ ಗುಂಡಿಗೆ, ಸಿಕ್ಕಿಸಿ ಎಳೆಯುವ ಮಾಮೂಲಿ ಟ್ರಾವೆಲ್ ಟ್ರೇಲರ್‌ಗೆ, ಒಳಗೇ ಉಣ್ಣುವ ಮಲಗುವ ಮನೆಯಂಥ ಟ್ರೇಲರ್‌ಗೆ. ಟ್ರಕ್ಕಿನ ಹಿಂದೆ ಸಾಮಾನು ಹಾಕುವ ಡಬ್ಬಿಯೊಳಗೆ ಕೂರುವ ಫಿಫ್ತ್ ವೀಲ್‌ನ ಲೆಕ್ಕ ಬೇರೆ.

ಎಲ್ಲಕ್ಕಿಂತ ಮೊದಲು: ದಾರಿಯಲ್ಲೇ ಓಲಾಡತೊಡಗಿದರೆ

ಉಳಿದದ್ದು ಆಮೇಲೆ ಓದಿದರೂ ಆದೀತು, ಇದನ್ನು ಈಗಲೇ ಓದಿ. ಗಾಡಿಯಲ್ಲಿ ಪಕ್ಕ ಕೂರುವವರಿಗೂ ಓದಿ ಹೇಳಿ.

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಯಿತೆಂದು ನೀವು ಬಲಕ್ಕೆ ತಿರುಗಿಸಲು ಹೋಗಬೇಡಿ. ನಿಮ್ಮ ಕೈ ಯಾವಾಗಲೂ ಒಂದು ಹೆಜ್ಜೆ ತಡ. ನೀವು ತಿರುಗಿಸುವಷ್ಟರಲ್ಲಿ ಟ್ರೇಲರ್ ಇನ್ನೊಂದು ಕಡೆಗೆ ಹೊರಟಿರುತ್ತದೆ, ಅದನ್ನು ನೀವೇ ತಳ್ಳಿದಂತಾಗುತ್ತದೆ. ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಟ್ರೇಲರ್ ಬ್ರೇಕಿಗೆಂದೇ ಇರುವ ಕೈ ಲಿವರನ್ನು ಮೆಲ್ಲಗೆ ಒತ್ತಿ. ಟ್ರೇಲರ್ ಮಾತ್ರ ಬ್ರೇಕ್ ಹಿಡಿದರೆ ಅದು ಟ್ರಕ್ಕನ್ನು ಹಿಂದಕ್ಕೆ ಎಳೆದು ನೇರ ಮಾಡುತ್ತದೆ. "ಸ್ಪೀಡ್ ಕೊಟ್ರೆ ನೇರ ಆಗುತ್ತೆ" ಎಂದು ಹೇಳುವವರಿದ್ದಾರೆ. ಕೇಳಬೇಡಿ. ಓಲಾಟ ಬೆಳೆಯುವುದೇ ವೇಗದಿಂದ.

ಓಲಾಟ ನಿಂತ ಮೇಲೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ, ಹಿಚ್ ಮತ್ತು ಟೈರ್ ನೋಡಿ, ಉಳಿದ ದಾರಿ 45-50 ಮೈಲಿ ವೇಗದಲ್ಲಿ ಹೋಗಿ. ಆ ಲಿವರ್ ನಿಮ್ಮ ಹೊಸ ಟ್ರಕ್ಕಿನಲ್ಲಿ ಎಲ್ಲಿದೆ ಎಂದು ಗೊತ್ತಾ? ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಕೈಯಿಟ್ಟು ನೋಡಿ. ಕತ್ತಲಲ್ಲೂ ಕೈ ತಾನಾಗಿ ಅಲ್ಲಿಗೆ ಹೋಗಬೇಕು.

1. ಅದು ನಿಜವಾಗಿ ಓಲಾಟವೇ?

ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಜನ "ಸ್ವೇ" ಎಂಬ ಒಂದೇ ಹೆಸರಲ್ಲಿ ಕರೆಯುತ್ತಾರೆ. ಮದ್ದು ಮಾತ್ರ ಬೇರೆ ಬೇರೆ.

ದೊಡ್ಡ ಸೆಮಿ ಟ್ರಕ್ ಪಕ್ಕದಲ್ಲಿ ಹಾದುಹೋಗುವಾಗ ಗಾಳಿ ನಿಮ್ಮನ್ನು ಮೊದಲು ಹೊರಕ್ಕೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ಟ್ರಕ್ಕೂ ಟ್ರೇಲರ್ರೂ ಒಟ್ಟಿಗೆ ಒಂದು ಸಲ ಸರಿದು ಸುಮ್ಮನಾದರೆ ಅದು ಗಾಳಿ ನೂಕಿದ್ದು. ಎಷ್ಟು ಸರಿಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ.

ಟ್ರೇಲರ್ ಹಿಂದೆ ಸರಿಯಾಗಿದೆ, ಆದರೆ ಟ್ರಕ್ಕಿನ ಮೂತಿ ಲೇನಿನೊಳಗೆ ಅಲೆಯುತ್ತಿದೆ, ಸ್ಟೀರಿಂಗ್ ಹಗುರ ಅನಿಸುತ್ತಿದೆ ಎಂದರೆ ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗಿದೆ. ಸೇತುವೆಯ ಜೋಡಣೆ ದಾಟಿದಾಗ ಇಡೀ ಗಾಡಿ ಕುದುರೆಯ ಹಾಗೆ ಮೇಲೆ ಕೆಳಗೆ ಕುಣಿದರೆ ಅದು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ವಿಷಯ.

ಟ್ರೇಲರಿನ ಹಿಂಭಾಗ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋಗಿ, ಪ್ರತಿ ಸಲವೂ ನಿಮ್ಮ ಸೀಟನ್ನೂ ಜೊತೆಗೆ ಎಳೆದರೆ ಅದು ಓಲಾಟ. ಎರಡು ಸಲ ಬೀಸಿ ತಾನೇ ನಿಂತರೆ ಎಚ್ಚರಿಕೆ. ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾದರೆ ನಿಮ್ಮ ಜೋಡಿಗೆ ಒಂದು ವೇಗದ ಗೆರೆ ಇದೆ, ಅದನ್ನು ನೀವು ದಾಟಿದ್ದೀರಿ ಎಂದು ಅರ್ಥ. ಆ ಗೆರೆಯ ಕೆಳಗೆ ಓಲಾಟ ತಾನಾಗಿ ಸಾಯುತ್ತದೆ, ಮೇಲೆ ತಾನಾಗಿ ಬೆಳೆಯುತ್ತದೆ. ಇನ್ನು ಮುಂದೆ ಮಾಡುವ ಕೆಲಸವೆಲ್ಲ ಆ ಗೆರೆಯನ್ನು ನೀವು ಓಡಿಸುವ ವೇಗಕ್ಕಿಂತ ಸಾಕಷ್ಟು ಮೇಲೆ ತಳ್ಳುವುದಕ್ಕೆ.

ಯಾವ ವೇಗದಲ್ಲಿ, ಇಳಿಜಾರಲ್ಲೋ ಸಮತಟ್ಟಲ್ಲೋ, ನೀರಿನ ಟ್ಯಾಂಕ್ ತುಂಬಿತ್ತೋ ಖಾಲಿಯೋ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಿ ನೋಡಲು ಬೇಕು.

2. ಟೈರ್ ಗಾಳಿ

ಇದು ಬಿಟ್ಟಿ ಕೆಲಸ, ಅದಕ್ಕೇ ಮೊದಲು. ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಟೈರ್ ತಣ್ಣಗಿರುವಾಗ ನೋಡಬೇಕು.

ಟ್ರಕ್ಕಿಗೆ ಎಷ್ಟು ಗಾಳಿ ಎಂಬುದು ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯ ಮೇಲಿರುತ್ತದೆ. ಹೊಸ ಅರ್ಧ ಟನ್ ಪಿಕಪ್‌ಗಳಲ್ಲಿ, ಅಂದರೆ ಎಫ್-150, ಸಿಲ್ವರಾಡೋ 1500, ರಾಮ್ 1500ರಂಥವುಗಳಲ್ಲಿ, ಬಹಳಷ್ಟು ಸಲ ಕಾರಿನ ಜಾತಿಯ ಟೈರ್ ಹಾಕಿರುತ್ತಾರೆ. ಕೂರಲು ಮೆತ್ತಗೆ, ಪಕ್ಕದ ಗೋಡೆಯೂ ಮೆತ್ತಗೆ. ಹಿಂದಿನಿಂದ ಭಾರ ನೂಕಿದಾಗ ಆ ಗೋಡೆ ಬಾಗುತ್ತದೆ, ಟ್ರಕ್ಕಿನ ಹಿಂಭಾಗ ಜರುಗಿದಂತಾಗುತ್ತದೆ. ಹೊಸ ಟೈರಿನ ಆಳವಾದ ಹಲ್ಲುಗಳೂ ಸ್ವಲ್ಪ ದಿನ ಹೀಗೇ ನುಲಿಯುತ್ತವೆ. ಟೈರ್ ಹೆಸರಿನ ಮುಂದೆ ಎಲ್‌ಟಿ ಎಂಬ ಅಕ್ಷರಗಳಿದ್ದರೆ ಅದು ಭಾರಕ್ಕೆಂದೇ ಮಾಡಿದ ಗಟ್ಟಿ ಟೈರ್. ಮುಂದೊಂದು ದಿನ ಟೈರ್ ಬದಲಾಯಿಸುವಾಗ ಇದನ್ನು ಯೋಚಿಸಿ. ಈಗಲೇ ಕಿತ್ತು ಹಾಕಬೇಕಾಗಿಲ್ಲ.

ಟ್ರೇಲರಿನದು ಬೇರೆ ಲೆಕ್ಕ. ಅದರ ಟೈರ್ ಮೇಲೆ ಎಸ್‌ಟಿ ಎಂದಿರುತ್ತದೆ. ಟ್ರೇಲರಿನ ಪಕ್ಕದ ಚೀಟಿಯಲ್ಲಿ ಹೇಳಿದಷ್ಟು ಗಾಳಿ ಇರಲೇಬೇಕು. ಸಾಮಾನ್ಯವಾಗಿ ಅದು ಟೈರಿನ ಗೋಡೆಯ ಮೇಲೆ ಬರೆದ ಗರಿಷ್ಠ ಗಾಳಿಯೇ ಆಗಿರುತ್ತದೆ. ಸಿ ದರ್ಜೆಯ ಟೈರಿಗೆ 50, ಡಿ ಗೆ 65, ಇ ಗೆ 80 ಪಿಎಸ್‌ಐ. "ಸ್ವಲ್ಪ ಕಡಿಮೆ ಇರಲಿ, ಕುಲುಕಾಟ ಕಡಿಮೆಯಾಗುತ್ತೆ" ಎಂದು ಗಾಳಿ ಬಿಡುವವರಿದ್ದಾರೆ. ಓಲಾಟವನ್ನು ಮನೆಗೆ ಕರೆಯುವುದು ಹೀಗೇ.

ಗೋಡೆಯ ಮೇಲೆ ಡಿಒಟಿ ಸಂಖ್ಯೆಯ ಕೊನೇ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದೆ. ಟ್ರೇಲರ್ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಐದಾರು ವರ್ಷ ಆಗಿದ್ದರೆ ಹಲ್ಲು ಎಷ್ಟೇ ಚೆನ್ನಾಗಿರಲಿ, ಬದಲಾಯಿಸುವುದೇ ವಾಸಿ.

3. ಟ್ರೇಲರ್ ಮೂಗೆತ್ತಿ ನಿಂತಿದೆಯಾ?

ಹೊಸ ಟ್ರಕ್ಕಿನವರು ಎಡವುವುದು ಇಲ್ಲೇ. ಹೊಸ ಫೋರ್-ವೀಲ್ ಪಿಕಪ್ ಹಳೇ ಗಾಡಿಗಿಂತ ಎತ್ತರ. ಬಾಲ್ ಕೂತಿರುವ ಹಳೇ ಬಾಲ್ ಮೌಂಟನ್ನೇ ತಂದು ಸಿಕ್ಕಿಸಿದರೆ ಟ್ರೇಲರಿನ ಮುಂಭಾಗ ಮೇಲಕ್ಕೆತ್ತಿಕೊಳ್ಳುತ್ತದೆ. ಭಾರ ಹಿಂದಕ್ಕೆ ವಾಲುತ್ತದೆ. ಟ್ಯಾಂಕಿನ ನೀರೂ ಹಿಂದಕ್ಕೆ ಸರಿಯುತ್ತದೆ. ನೋಡಲು ಎರಡೇ ಇಂಚು, ಆದರೆ ಹೆದ್ದಾರಿಯಲ್ಲಿ ಅದು ಚೆನ್ನಾಗೇ ಗೊತ್ತಾಗುತ್ತದೆ.

ಸಮತಟ್ಟಾದ ಜಾಗದಲ್ಲಿ ಟ್ರೇಲರನ್ನು ಬಿಚ್ಚಿ ನಿಲ್ಲಿಸಿ. ಮುಂದಿನ ಜ್ಯಾಕ್ ತಿರುಗಿಸಿ, ಟ್ರೇಲರ್ ಚೌಕಟ್ಟಿನ ಮುಂಭಾಗ ಮತ್ತು ಹಿಂಭಾಗ ನೆಲದಿಂದ ಒಂದೇ ಎತ್ತರದಲ್ಲಿ ಬರುವಂತೆ ಮಾಡಿ. ಈಗ ಕಪ್ಲರ್, ಅಂದರೆ ಬಾಲ್ ಮೇಲೆ ಕೂರುವ ಬೋಗುಣಿಯಂಥ ಭಾಗ, ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಳೆಯಿರಿ. ಟ್ರಕ್ಕಿನ ಬಾಲ್ ಅದಕ್ಕಿಂತ ಸುಮಾರು ಒಂದು ಇಂಚು ಮೇಲಿರಲಿ. ಭಾರ ಬಿದ್ದಾಗ ಟ್ರಕ್ ಕುಗ್ಗುತ್ತದೆ, ಅದಕ್ಕೆ ಆ ಒಂದು ಇಂಚು. ನಿಮ್ಮ ಹಿಚ್‌ನ ಕೈಪಿಡಿ ಬೇರೆ ಅಳತೆ ಹೇಳಿದರೆ ಅದನ್ನೇ ಪಾಲಿಸಿ.

ಎಲ್ಲ ಜೋಡಿಸಿದ ಮೇಲೆ ಟ್ರೇಲರ್ ಮಟ್ಟವಾಗಿರಬೇಕು, ಇಲ್ಲವೇ ಮೂಗು ಒಂದು ಚೂರು ತಗ್ಗಿರಬೇಕು. ಮೂಗೆತ್ತಿ ಮಾತ್ರ ನಿಲ್ಲಬಾರದು. ಬಾಲ್ ಅಷ್ಟು ಕೆಳಗೆ ಬರದಿದ್ದರೆ ಇನ್ನೂ ಕೆಳಗೆ ಇಳಿಯುವ ಶ್ಯಾಂಕ್, ಅಂದರೆ ಬಾಲ್ ಹೊತ್ತು ಟ್ರಕ್ಕಿನೊಳಗೆ ಸಿಕ್ಕುವ ಕಬ್ಬಿಣದ ತೋಳು, ಸಿಗುತ್ತದೆ. ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ತರಲೇಬೇಕಾದ ಮೊದಲ ಸಾಮಾನು ಇದೇ ಆಗಿರಬಹುದು.

ಕೆಳಗೆ ಬಗ್ಗಿದ್ದೀರಿ, ಹಾಗೇ ಇವನ್ನೂ ನೋಡಿಬಿಡಿ. ಬಾಲ್ ಅಳತೆ ಕಪ್ಲರ್ ಮೇಲೆ ಒತ್ತಿದ ಅಳತೆಯೇ ತಾನೆ? 2 ಇಂಚಿನ ಬಾಲ್ ಮೇಲೆ 2-5/16 ಇಂಚಿನ ಕಪ್ಲರ್ ಕೂತಂತೆ ಕಾಣುತ್ತದೆ, ಹಳ್ಳ ಬಂದಾಗ ಜಿಗಿಯುತ್ತದೆ. ಬಾಲ್‌ನ ನಟ್ ಬಿಗಿಯಾಗಿದೆಯಾ? ಹೊಸ ಹೆವಿ ಡ್ಯೂಟಿ ಟ್ರಕ್ಕಿನಲ್ಲಿ ರಿಸೀವರ್ ತೂತು, ಅಂದರೆ ಶ್ಯಾಂಕ್ ತೂರಿಸುವ ಚೌಕದ ತೂತು, 2.5 ಇಂಚು ಅಥವಾ 3 ಇಂಚು ಇರುತ್ತದೆ. ಹಳೇ 2 ಇಂಚಿನ ಶ್ಯಾಂಕ್‌ಗೆ ಕೊಳವೆ ತೊಡಿಸಿ ಸಿಕ್ಕಿಸಿದ್ದರೆ ಕೈಯಲ್ಲಿ ಅಲ್ಲಾಡಿಸಿ ನೋಡಿ. ಗಡಗಡ ಅಂದರೆ ಸರಿಯಾದ ಅಳತೆಯ ಶ್ಯಾಂಕ್ ತನ್ನಿ.

4. ತೂಕ ಹಾಕಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದೆಲ್ಲಕ್ಕಿಂತ ಇದು ಮುಖ್ಯ.

ಎತ್ತಿನ ಗಾಡಿಗೆ ಹೊರೆ ಹೇರಿದವರಿಗೆ ಇದು ಗೊತ್ತು. ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ. ಮುಂಭಾರ ಜಾಸ್ತಿಯಾದರೆ ಹೆಗಲು ನೋಯುತ್ತದೆ. ಗಾಡಿ ಹೊಡೆಯುವವರು ಒಂದು ಹದ ನೋಡಿ ಚೂರು ಮುಂಭಾರ ಇಡುತ್ತಿದ್ದರು. ಟ್ರೇಲರಿನ ಮೂಕಿ ಬಾಲ್ ಮೇಲೆ ಒತ್ತುವ ಆ ಭಾರಕ್ಕೇ ಇಲ್ಲಿ ಟಂಗ್ ವೇಟ್ ಅನ್ನುತ್ತಾರೆ. ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಅದು ನೂರಕ್ಕೆ 10ರಿಂದ 15ರಷ್ಟು ಇರಬೇಕು. 12-13 ಇದ್ದರೆ ನನಗೆ ಸಮಾಧಾನ. 10ಕ್ಕಿಂತ ಕೆಳಗೆ ಹೋದರೆ ಬಾಲ ಬೀಸುವ ಅಪಾಯ ಜಾಸ್ತಿ.

ಟ್ರೇಲರ್ ಮಾರುವಾಗ ಕೊಟ್ಟ ಹಾಳೆಯಲ್ಲಿನ ಟಂಗ್ ವೇಟ್ ನಂಬಬೇಡಿ. ಅದು ಖಾಲಿ ಟ್ರೇಲರಿನದು. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನಿಮ್ಮ ಕುಕ್ಕರ್, ಗ್ರೈಂಡರ್, 20 ಪೌಂಡಿನ ಸೋನಾ ಮಸೂರಿ ಚೀಲ ಯಾವುದೂ ಅದರಲ್ಲಿ ಇಲ್ಲ.

ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಗುವ ಕಟ್ಟೆ ಇರುತ್ತದೆ. ಒಂದರ ಹಿಂದೆ ಒಂದು ಬೇರೆ ಬೇರೆ ಹಾಸುಗಳು. ಟ್ರಕ್ಕಿನ ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ. ಕಂಬದ ಗುಂಡಿ ಒತ್ತಿ ಮಾತಾಡಬಹುದು, ಇಲ್ಲವೇ ಅವರ ಆಪ್‌ನಲ್ಲೇ ಮುಗಿಸಬಹುದು. 24 ಗಂಟೆಯೊಳಗೆ ಮತ್ತೆ ತೂಗಿದರೆ ದರ ತುಂಬಾ ಕಡಿಮೆ. ಪ್ರವಾಸಕ್ಕೆ ಹೊರಡುವಂತೆಯೇ ಎಲ್ಲ ತುಂಬಿಕೊಂಡು, ಮನೆಮಂದಿಯೂ ಕೂತು ಹೋಗಿ. ಮೂರು ಸಲ ತೂಗಿ: ಟ್ರೇಲರ್ ಇದ್ದು ಹಿಚ್‌ನ ಸ್ಪ್ರಿಂಗ್ ಬಾರ್ (ಭಾರ ಹಂಚುವ ಕಂಬಿಗಳು, 6ನೇ ಹೆಜ್ಜೆ ನೋಡಿ) ಹಾಕಿ, ಟ್ರೇಲರ್ ಇದ್ದು ಬಾರ್ ತೆಗೆದು, ಕೊನೆಗೆ ಟ್ರೇಲರನ್ನು ಪಾರ್ಕಿಂಗಿನಲ್ಲಿ ಬಿಟ್ಟು ಬರೀ ಟ್ರಕ್. ಬಾರ್ ಬಿಚ್ಚುವ ಕೆಲಸ ಪಾರ್ಕಿಂಗಿನಲ್ಲಿ ಮಾಡಿ, ತೂಕದ ಹಾಸಿನ ಮೇಲಲ್ಲ. ಹಿಂದೆ ಲಾರಿಯವರು ಕಾಯುತ್ತಿರುತ್ತಾರೆ, ಅವರಿಗೆ ಅದು ಹೊಟ್ಟೆಪಾಡು.

ಒಂದು ಲೆಕ್ಕ ನೋಡೋಣ. 26 ಅಡಿ ಟ್ರೇಲರ್ ಎಂದಿಟ್ಟುಕೊಳ್ಳಿ.

ಬರೀ ಟ್ರಕ್: ಮುಂದೆ 3,260, ಹಿಂದೆ 2,540, ಒಟ್ಟು 5,800 ಪೌಂಡ್.
ಟ್ರೇಲರ್ ಸೇರಿಸಿ, ಬಾರ್ ಇಲ್ಲದೆ: ಮುಂದೆ 3,040, ಹಿಂದೆ 3,280, ಟ್ರೇಲರ್ ಚಕ್ರಗಳ ಮೇಲೆ 5,880.
ಬಾರ್ ಹಾಕಿ: ಮುಂದೆ 3,150, ಹಿಂದೆ 3,095, ಟ್ರೇಲರ್ ಚಕ್ರಗಳ ಮೇಲೆ 5,955.

ಎರಡನೇ ಸಾಲಿನಲ್ಲಿ ಟ್ರಕ್ಕಿನ ಚಕ್ರಗಳ ಮೇಲೆ ಒಟ್ಟು 6,320. ಬರೀ ಟ್ರಕ್ 5,800. ವ್ಯತ್ಯಾಸ 520. ಅದೇ ಟಂಗ್ ವೇಟ್. ಟ್ರೇಲರಿನ ಪೂರ್ತಿ ತೂಕ 5,880ಕ್ಕೆ 520 ಸೇರಿಸಿ 6,400. ನೂರಕ್ಕೆ 8 ಮಾತ್ರ! ಈ ಟ್ರೇಲರ್ ಓಲಾಡದಿದ್ದರೇ ಆಶ್ಚರ್ಯ.

ಸ್ಕೇಲ್ ದೂರವಿದ್ದರೆ ಮನೆಯ ಬಾತ್‌ರೂಮ್ ತಕ್ಕಡಿಯಲ್ಲೂ ಟಂಗ್ ವೇಟ್ ನೋಡಬಹುದು. ಮೂರು ಅಡಿಗಿಂತ ಕೊಂಚ ಉದ್ದದ ಗಟ್ಟಿ ಹಲಗೆ ತನ್ನಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ, ಎರಡೂ ಒಂದೇ ಎತ್ತರಕ್ಕೆ. ಟ್ರೇಲರ್ ಮೂಕಿಯನ್ನು ಇಟ್ಟಿಗೆಯಿಂದ ಒಂದು ಅಡಿ, ತಕ್ಕಡಿಯಿಂದ ಎರಡು ಅಡಿ ದೂರದಲ್ಲಿ ಹಲಗೆ ಮೇಲೆ ಇಳಿಸಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಟ್ರೇಲರ್ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಡದೆ ಇದಕ್ಕೆ ಕೈ ಹಾಕಬೇಡಿ.

5. ಭಾರವನ್ನು ಸರಿಸಿ

ಇದಕ್ಕೊಂದು ಸುಲಭ ಸೂತ್ರ ಇದೆ. ಸರಿಸಿದ ಸಾಮಾನಿನ ತೂಕವನ್ನು ಅದು ಎಷ್ಟು ಅಡಿ ಮುಂದೆ ಬಂತು ಎಂಬುದರಿಂದ ಗುಣಿಸಿ. ಅದನ್ನು ಬಾಲ್‌ನಿಂದ ಟ್ರೇಲರ್ ಚಕ್ರಗಳ ನಡುವಿನವರೆಗಿನ ದೂರದಿಂದ ಭಾಗಿಸಿ. ಟಂಗ್ ವೇಟ್ ಅಷ್ಟು ಏರುತ್ತದೆ.

ನಮ್ಮ ಉದಾಹರಣೆಯಲ್ಲಿ ಆ ದೂರ 18 ಅಡಿ ಇರಲಿ. ಹಿಂದಿನ ಕಪಾಟಿನಲ್ಲಿದ್ದ 150 ಪೌಂಡ್ ಸಾಮಾನನ್ನು 24 ಅಡಿ ಮುಂದೆ ತಂದು ಮುಂಭಾಗದ ಡಿಕ್ಕಿಗೆ ಹಾಕಿದರೆ 150 × 24 ÷ 18 = 200 ಪೌಂಡ್. ಟಂಗ್ ವೇಟ್ 720 ಆಯಿತು. ಟ್ರೇಲರಿನ ಹಿಂದಿನ ಬಂಪರ್‌ಗೆ ಕಟ್ಟಿದ ಸೈಕಲ್ ಸ್ಟ್ಯಾಂಡ್ ಸೈಕಲ್ ಸಮೇತ 110 ಪೌಂಡ್, ಚಕ್ರಗಳಿಂದ 12 ಅಡಿ ಹಿಂದೆ ಇದೆ. ಅದನ್ನು ತೆಗೆದು ಟ್ರಕ್ಕಿಗೆ ಹಾಕಿದರೆ ಇನ್ನೊಂದು 73. ಈಗ 793. ಟ್ರೇಲರ್ ತೂಕ 6,290ಕ್ಕೆ ಇಳಿದಿದೆ. ನೂರಕ್ಕೆ 12.6. ಒಂದು ಡಾಲರ್ ಖರ್ಚಿಲ್ಲ.

ಬಂಪರ್ ಮೇಲಿನ ಆ ಸೈಕಲ್ಲುಗಳೇ ಎಷ್ಟೋ ಮನೆಯ ಓಲಾಟದ ಮೂಲ. ಟಂಗ್ ವೇಟ್ ತಗ್ಗಿಸುವುದು ಒಂದು. ಅಷ್ಟು ಹಿಂದಿನ ತುದಿಯಲ್ಲಿ ಭಾರ ಇದ್ದರೆ ಒಮ್ಮೆ ಬೀಸಲು ಹೊರಟ ಟ್ರೇಲರ್ ಬೇಗ ನಿಲ್ಲುವುದೂ ಇಲ್ಲ, ಇದು ಎರಡನೆಯದು. ಹಾಗಾಗಿ ಹಿಂದೆ ಭಾರ ಇರಲಿ, ಮುಂದೆಯೂ ಅಷ್ಟೇ ಹಾಕಿ ಸರಿದೂಗಿಸಿದರಾಯಿತು ಎಂದುಕೊಳ್ಳಬೇಡಿ. ಎರಡೂ ತುದಿ ಹಗುರವಾಗಿರಲಿ, ಭಾರವಾದ್ದು ಚಕ್ರಗಳ ಮೇಲೆ, ಚೂರು ಮುಂದಕ್ಕೆ, ನೆಲಕ್ಕೆ ಹತ್ತಿರ ಇರಲಿ.

ನೀರಿನ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಅಂದರೆ 330 ಪೌಂಡ್ ದಾಟುತ್ತದೆ. ಟ್ಯಾಂಕ್ ಚಕ್ರಗಳ ಹಿಂದಿದ್ದರೆ ತುಂಬಿದಷ್ಟೂ ಹಿಂಭಾರ. ಹೋಗುವಾಗ ಸರಿಯಿದ್ದ ಟ್ರೇಲರ್ ಬರುವಾಗ ಓಲಾಡಿತು ಎನ್ನುವವರು ಕೊಳಚೆ ನೀರಿನ ಟ್ಯಾಂಕನ್ನೂ ಒಮ್ಮೆ ನೆನೆಯಬೇಕು.

ಈಗ ಕಹಿ ಮಾತು. ಟಂಗ್ ವೇಟ್ ಏರಿಸಿದರೆ ಅದು ಕೂರುವುದು ಟ್ರಕ್ಕಿನ ಮೇಲೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಹಳದಿ-ಬಿಳಿ ಚೀಟಿ ಇದೆ ಅಲ್ವಾ, ಅದರಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದಿರುತ್ತದೆ. ಅದೇ ಪೇಲೋಡ್, ಟ್ರಕ್ ಹೊರಬಲ್ಲ ಹೊರೆ. ಜಾಹೀರಾತಿನಲ್ಲಿ ಹೇಳುವ ಎಳೆಯುವ ಶಕ್ತಿಯಲ್ಲ. ನಾಲ್ಕು ಬಾಗಿಲಿನ, ಚರ್ಮದ ಸೀಟಿನ, ಗಾಜಿನ ಚಾವಣಿಯ ಟ್ರಕ್ಕಿನಲ್ಲಿ ಈ ಸಂಖ್ಯೆ ಇನ್ನೂ ಚಿಕ್ಕದು. ಸೌಕರ್ಯಗಳಿಗೂ ತೂಕ ಇದೆ.

ಚೀಟಿಯಲ್ಲಿ 1,520 ಎಂದಿದೆ ಎಂದುಕೊಳ್ಳಿ. ನಾಲ್ಕು ಜನ 580, ಟ್ರಕ್ಕಿನ ಸಾಮಾನು ಮತ್ತು ಸೈಕಲ್ 210, ಹಿಚ್ 90, ಟಂಗ್ ವೇಟ್ 793. ಒಟ್ಟು 1,673. ಮೀರಿತು! ಸ್ಪ್ರಿಂಗ್ ಬಾರ್ ಸ್ವಲ್ಪ ಭಾರವನ್ನು ಟ್ರೇಲರ್ ಚಕ್ರಗಳಿಗೆ ದಾಟಿಸುತ್ತದೆ ನಿಜ, ಮೇಲಿನ ಲೆಕ್ಕದಲ್ಲಿ ಅದು 75 ಪೌಂಡ್. ಆದರೂ ಸಾಲದು. ಆಗ ಟಂಗ್ ವೇಟ್ ಇಳಿಸಿ ಸರಿಮಾಡಲು ಹೋಗುವುದೇ ದೊಡ್ಡ ತಪ್ಪು. ಟ್ರಕ್ ಉಳಿಯುತ್ತದೆ, ಓಲಾಟ ವಾಪಸ್ ಬರುತ್ತದೆ. ಸಾಮಾನನ್ನೇ ಕಡಿಮೆ ಮಾಡಿ. ಕಟ್ಟಿಗೆ ಕ್ಯಾಂಪ್ ಹತ್ತಿರವೇ ಸಿಗುತ್ತದೆ. ಟ್ರಕ್ಕಿನ ಡಬ್ಬಿಯಲ್ಲಿರುವ ಕೂಲರ್, ಟೂಲ್ ಬಾಕ್ಸ್ ಟ್ರೇಲರ್ ಚಕ್ರಗಳ ಮೇಲಕ್ಕೆ ಹೋಗಲಿ. ಟ್ರೇಲರಿನ ಚೀಟಿಯಲ್ಲಿರುವ ಗರಿಷ್ಠ ತೂಕವೂ ಮೀರಬಾರದು, ಅದನ್ನು ಮರೆಯಬೇಡಿ. ಇಷ್ಟಾದರೂ ಹೊಂದದಿದ್ದರೆ ಆ ಟ್ರಕ್ಕಿಗೆ ಆ ಟ್ರೇಲರ್ ದೊಡ್ಡದು.

6. ಹಿಚ್‌ನ ಸ್ಪ್ರಿಂಗ್ ಬಾರ್ ಹೊಸದಾಗಿ ಕೂರಿಸಿ

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂದರೆ ಬಾಲ್‌ನ ಎರಡೂ ಬದಿಯಿಂದ ಟ್ರೇಲರ್ ಮೂಕಿಗೆ ಹೋಗುವ ಎರಡು ಗಟ್ಟಿ ಬಾರ್‌ಗಳಿರುವ ಹಿಚ್. ಟ್ರೇಲರ್ ಕೂತಾಗ ಟ್ರಕ್ಕಿನ ಹಿಂಭಾಗ ತಗ್ಗಿ ಮುಂಭಾಗ ಏಳುತ್ತದೆ. ಬಾರ್‌ಗಳು ಸನ್ನೆಕೋಲಿನ ಹಾಗೆ ಆ ಭಾರವನ್ನು ಮುಂದಿನ ಚಕ್ರಕ್ಕೆ ವಾಪಸ್ ಕೊಡುತ್ತವೆ.

ಟೇಪಿನಿಂದಲೇ ನೋಡಬಹುದು. ಮುಂದಿನ ಚಕ್ರದ ಮೇಲಿನ ಫೆಂಡರ್ ಅಂಚು ನೆಲದಿಂದ ಎಷ್ಟು ಎತ್ತರ ಎಂದು ಟ್ರೇಲರ್ ಇಲ್ಲದೆ ಒಮ್ಮೆ, ಬಾರ್ ಇಲ್ಲದೆ ಟ್ರೇಲರ್ ಕೂರಿಸಿ ಒಮ್ಮೆ, ಬಾರ್ ಹಾಕಿ ಒಮ್ಮೆ ಅಳೆಯಿರಿ. 38 ಇಂಚು ಇದ್ದದ್ದು 39ಕ್ಕೆ ಎದ್ದರೆ, ಬಾರ್ ಹಾಕಿದ ಮೇಲೆ 38.5ಕ್ಕೆ ಬರುವುದು ಅರ್ಧ ವಾಪಸ್. ಈಗಿನ ಹಲವು ಟ್ರಕ್ಕುಗಳ ಕೈಪಿಡಿ ಇಷ್ಟೇ ಕೇಳುತ್ತದೆ. ನಿಮ್ಮದು ಏನು ಹೇಳುತ್ತದೆ ನೋಡಿ, ಒಂದೊಂದು ಕಂಪನಿಯದು ಒಂದೊಂದು. ಕೈಪಿಡಿ ಹೇಳಿದ್ದಕ್ಕಿಂತ ಕೆಳಗೆ, ಅದರಲ್ಲೂ 38ಕ್ಕಿಂತ ಕೆಳಗೆ ಎಳೆದುಬಿಟ್ಟರೆ ಹಿಂದಿನ ಚಕ್ರದ ಹಿಡಿತ ಕಡಿಮೆಯಾಗಿ ತಿರುವಿನಲ್ಲಿ ಟ್ರಕ್ಕಿನ ಹಿಂಭಾಗ ಜಾರುವ ಭಯ ಇದೆ. "ಜಾಸ್ತಿ ಬಿಗಿ ಮಾಡಿದಷ್ಟೂ ಒಳ್ಳೇದು" ಎನ್ನುವುದು ಇಲ್ಲಿ ನಡೆಯುವುದಿಲ್ಲ.

ಭಾರ ಸರಿಸಿದ ಮೇಲೆ ಈ ಹೆಜ್ಜೆ ಮತ್ತೆ ಮಾಡಬೇಕು. 520 ಪೌಂಡಿಗೆ ಕೂರಿಸಿದ ಬಾರ್ 793ಕ್ಕೆ ಸಾಲದು. ಬಾರ್‌ಗಳ ಮೇಲೆಯೇ ಅವು ಎಷ್ಟು ಟಂಗ್ ವೇಟಿಗೆ ಎಂದು ಬರೆದಿರುತ್ತದೆ. 600 ಎಂದಿದ್ದರೆ ನಿಮ್ಮ ಲೆಕ್ಕಕ್ಕೆ ಅದು ಚಿಕ್ಕದು.

ಟ್ರಕ್ಕಿನಲ್ಲಿ ಏರ್ ಸಸ್ಪೆನ್ಷನ್ ಇದ್ದರೆ ಅದು ತಾನೇ ಎತ್ತರ ಸರಿಮಾಡಿಕೊಂಡು ನಿಮ್ಮ ಅಳತೆಯನ್ನು ಸುಳ್ಳು ಮಾಡುತ್ತದೆ. ಅಳೆಯುವಾಗ ಯಾವ ಮೋಡ್‌ನಲ್ಲಿಡಬೇಕು ಎಂಬುದು ಕೈಪಿಡಿಯಲ್ಲಿದೆ. ಹಿಂದೆ ಗಾಳಿಚೀಲ ಹಾಕಿಸಿ ಟ್ರಕ್ಕನ್ನು ಮಟ್ಟ ಮಾಡಿಕೊಂಡವರಿಗೂ ಒಂದು ಮಾತು: ಟ್ರಕ್ ನೋಡಲು ಮಟ್ಟವಾಯಿತು, ಮುಂದಿನ ಚಕ್ರಕ್ಕೆ ಭಾರ ಮರಳಲಿಲ್ಲ.

ಓಲಾಟ ತಡೆಯುವ ಭಾಗ ಬೇರೆ. ಕೆಲವು ಹಿಚ್‌ಗಳಲ್ಲಿ ಬಾರ್ ಉಜ್ಜಿಕೊಂಡೇ ತಡೆಯುತ್ತದೆ, ಈಕ್ವಲೈಸರ್ ಎಂಬ ಹಿಚ್ ಆ ಬಗೆಯದು. ಕೆಲವಕ್ಕೆ ಪಕ್ಕದಲ್ಲಿ ಬೇರೆಯೇ ಒಂದು ಫ್ರಿಕ್ಷನ್ ಬಾರ್. ಹಾಗಿದ್ದರೆ ರಿವರ್ಸ್ ಹೋಗುವ ಮೊದಲು ಬಿಚ್ಚಬೇಕಾಗಬಹುದು, ಇಲ್ಲದಿದ್ದರೆ ಬಾಗಿಹೋಗುತ್ತದೆ. ಹೆನ್ಸ್ಲಿ, ಪ್ರೋಪ್ರೈಡ್ ಎಂಬ ದುಬಾರಿ ಹಿಚ್‌ಗಳು ತಿರುಗುವ ಬಿಂದುವನ್ನೇ ಹಿಂದಿನ ಆಕ್ಸಲ್ ಕಡೆಗೆ ತರುವ ಜೋಡಣೆ. ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಟಂಗ್ ವೇಟ್ ನೂರಕ್ಕೆ 8 ಇಟ್ಟುಕೊಂಡು ಇವನ್ನು ತರುವುದು ಜ್ವರ ಬಂದವರಿಗೆ ಹೊಸ ಹೊದಿಕೆ ತಂದ ಹಾಗೆ.

7. ಬ್ರೇಕ್ ಮತ್ತು ಟ್ರಕ್ಕಿನ ಎಲೆಕ್ಟ್ರಾನಿಕ್ಸ್

ಹಳೇ ಗಾಡಿಯಲ್ಲಿ ಬ್ರೇಕ್ ಕಂಟ್ರೋಲರ್ ಬೇರೆ ಇತ್ತು, ಹೊಸದರಲ್ಲಿ ಟ್ರಕ್ಕಿನೊಳಗೇ ಇದೆ. ಹಳೇ ಗೇನ್ ಸಂಖ್ಯೆ ಇಲ್ಲಿ ನಡೆಯುವುದಿಲ್ಲ. ಗೇನ್ ಎಂದರೆ ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಎಂಬ ಮಟ್ಟ. ಪರದೆಯಲ್ಲಿ ಟ್ರೇಲರ್ ಪ್ರೊಫೈಲ್ ಮಾಡಿ, ಬ್ರೇಕ್ ಯಾವ ಬಗೆಯದು ಎಂದು ಸರಿಯಾಗಿ ಆರಿಸಿ. ಖಾಲಿ, ಒಣ, ಮಟ್ಟಸ ಪಾರ್ಕಿಂಗಿನಲ್ಲಿ 20-25 ಮೈಲಿ ವೇಗದಲ್ಲಿ ಹೋಗುತ್ತಾ ಕೈ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಕಚ್ಚಿಕೊಂಡು ಜಾರಿದರೆ ಗೇನ್ ಇಳಿಸಿ. ಏನೂ ಅನಿಸದಿದ್ದರೆ ಏರಿಸಿ. ಕಚ್ಚುವುದಕ್ಕೆ ಚೂರು ಮೊದಲಿನ ಮಟ್ಟ ಸರಿ.

ಟ್ರೇಲರ್ ಸ್ವೇ ಕಂಟ್ರೋಲ್ ಎಂಬುದು ಹೊಸ ಟ್ರಕ್ಕುಗಳಲ್ಲಿ ಬಂದೇ ಬರುತ್ತದೆ. ಓಲಾಟ ಕಂಡರೆ ಟ್ರಕ್ಕಿನ ಒಂದೊಂದು ಚಕ್ರಕ್ಕೆ ಬೇಕಾದಂತೆ ಬ್ರೇಕ್ ಹಾಕಿ, ಎಂಜಿನ್ ಬಲ ಇಳಿಸುತ್ತದೆ. ಅದು ಕೊನೇ ಕಾವಲು. ಆ ಸಂದೇಶ ಪರದೆಯಲ್ಲಿ ಒಮ್ಮೆ ಬಂದರೂ "ಟ್ರಕ್ ನೋಡ್ಕೊಳ್ತು" ಎಂದು ಸುಮ್ಮನಾಗಬೇಡಿ, ಮತ್ತೆ 2ನೇ ಹೆಜ್ಜೆಗೆ ಹೋಗಿ. ಏಳು ಪಿನ್ನಿನ ಪ್ಲಗ್ ಸರಿಯಾಗಿ ಕೂತು ಟ್ರೇಲರ್ ಸಿಕ್ಕಿತು ಎಂದು ಟ್ರಕ್ ತೋರಿಸುತ್ತಿರಬೇಕು. ಇಲ್ಲದಿದ್ದರೆ ಟ್ರೇಲರ್ ಬ್ರೇಕೇ ಅದರ ಕೈಗೆ ಸಿಗುವುದಿಲ್ಲ.

ಟ್ರಕ್ ತೀರಾ ಹೊಸದಾದರೆ ಇನ್ನೊಂದು. ಫೋರ್ಡ್ ಎಫ್-150 ಕೈಪಿಡಿ ಮೊದಲ 1,000 ಮೈಲಿ ಟ್ರೇಲರ್ ಎಳೆಯಬೇಡಿ ಎನ್ನುತ್ತದೆ. ಷೆವ್ರೊಲೆ, ರಾಮ್‌ಗಳಲ್ಲಿ ಮೊದಲ 500 ಮೈಲಿ ಎಳೆಯುವಂತಿಲ್ಲ. ಆಮೇಲೂ ಎಳೆಯುವ ಮೊದಲ 500 ಮೈಲಿ 50 ದಾಟಬೇಡಿ ಎನ್ನುತ್ತವೆ. ಡೀಲರ್ ಅಂಗಳದಿಂದ ನೇರ ಯೊಸೆಮಿಟಿಗೆ ಹೊರಡುವುದು ಬೇಡ.

8. ಟ್ರೇಲರಿನದೇ ದೋಷ ಇದ್ದರೆ

ಇಷ್ಟೂ ಆಗಿ ಇನ್ನೂ ಓಲಾಡುತ್ತಿದ್ದರೆ ಟ್ರೇಲರ್ ಕೆಳಗೆ ನೋಡಿಸಿ. ಆಕ್ಸಲ್ ಬಾಗಿದ್ದರೆ ಟೈರ್ ಒಂದೇ ಅಂಚಿನಲ್ಲಿ ಸವೆದಿರುತ್ತದೆ. ಚಕ್ರವನ್ನು ನೆಲದಿಂದ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಕಟಕಟ ಅಂದರೆ ಬೇರಿಂಗ್. ಎಲೆ ಸ್ಪ್ರಿಂಗ್‌ಗಳ ಬೋಲ್ಟ್‌ಗಳಿಗೆ ಹಾಕಿರುವ ಪ್ಲಾಸ್ಟಿಕ್ ಬುಷ್ ಬೇಗ ಸವೆಯುತ್ತದೆ. ಕಂಚಿನದು ಹಾಕಿಸಿಕೊಳ್ಳುವುದು ಒಳ್ಳೆಯ ಖರ್ಚು.

9. ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಿ. ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಗಾಳಿ ಇಲ್ಲದ ಬೆಳಗ್ಗೆ, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಅವರಷ್ಟೇ ತೂಕ ಸೀಟಿನಲ್ಲಿ ಕಟ್ಟಿ ಹೊರಡಿ. 45, ಆಮೇಲೆ 50, 55. ಒಂದೊಂದರಲ್ಲೂ ಕೆಲವು ಮೈಲಿ. ಬೇಕೆಂದೇ ಸ್ಟೀರಿಂಗ್ ಕುಲುಕಿ ಪರೀಕ್ಷೆ ಮಾಡಬೇಡಿ. ಸೆಮಿ ಟ್ರಕ್ಕೊಂದು ಹಾದುಹೋದಾಗ ಟ್ರೇಲರ್ ಎಷ್ಟು ಬೀಸಿ ಸುಮ್ಮನಾಯಿತು ಎಂದು ಕನ್ನಡಿಯಲ್ಲಿ ನೋಡಿದರೆ ಸಾಕು. ಒಂದೇ ಸಲ ಸರಿದು ನಿಂತರೆ ಗೆದ್ದಿರಿ.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನೇ 55 ಮೈಲಿ ಮಿತಿ ಹಾಕಿದೆ. ಬೇರೆ ರಾಜ್ಯಗಳಲ್ಲಿ 70, 75 ಎಂಬ ಬೋರ್ಡ್ ಇದ್ದರೂ ನಾನು 62ಕ್ಕಿಂತ ಮೇಲೆ ಹೋಗುವುದಿಲ್ಲ. ಟ್ರೇಲರಿನ ಎಷ್ಟೋ ಟೈರ್‌ಗಳ ಮಿತಿಯೇ 65. ಇಳಿಜಾರು ಶುರುವಾಗುವ ಮುಂಚೆಯೇ ವೇಗ ಇಳಿಸಿ, ಭಾರ ಎಳೆಯುವಾಗಿನ ಟೋ/ಹಾಲ್ ಮೋಡ್ ಹಾಕಿ, ಗೇರ್ ತಗ್ಗಿಸಿ. ಗಾಳಿಯ ದಿನ ಆಲ್ಟಮಾಂಟ್ ಪಾಸ್, ಪಾಮ್ ಸ್ಪ್ರಿಂಗ್ಸ್ ಪಕ್ಕದ ಸ್ಯಾನ್ ಗೊರ್ಗೋನಿಯೊ ಪಾಸ್, ವಯೋಮಿಂಗ್‌ನ ಐ-80 ದಾರಿಯಲ್ಲಿ ಹೊರಡುವ ಮುನ್ನ ಮುನ್ಸೂಚನೆ ನೋಡಿ. ಅಲ್ಲೆಲ್ಲ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ.

ಮೊದಲ 50 ಮೈಲಿ ಆದ ಮೇಲೆ ನಿಲ್ಲಿಸಿ ಟ್ರೇಲರ್ ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ ನೋಡಿ. ಬಾಲ್ ಎತ್ತರ, ಫೆಂಡರಿನ ಮೂರು ಅಳತೆ, ಗೇನ್ ಸಂಖ್ಯೆ, ಟಂಗ್ ವೇಟ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಟ್ರೇಲರಿನ ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಮೇಲ್ಗಡೆ ಟ್ರಕ್ಕಿನ ಹೆಸರು ಬರೆಯುವುದನ್ನು ಮರೆಯಬೇಡಿ. ಮುಂದಿನ ಟ್ರಕ್ ತಂದ ದಿನ ಆ ಚೀಟಿ ಹರಿದು ಹಾಕಿ, ಮತ್ತೆ ಟೇಪು ಹಿಡಿದುಕೊಂಡು ಕೆಳಗೆ ಬಗ್ಗಿ.